ಮುತ್ತಾತನ ಎರಡು ಹೆಸರು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಕ್ರೈಸ್ತ ಮನೆಗಳಲ್ಲಿ ಹಿರಿಯರ ಕಥೆ ಕೇಳಿದರೆ ಒಂದೇ ಉಸಿರಿಗೆ ಮುಗಿದುಹೋಗುತ್ತದೆ: ಬರ ಬಂತು, ಊರು ಬಿಟ್ಟರು, ಮಿಷನ್ನಿಗೆ ಸೇರಿದರು, ಹೆಸರು ಬದಲಾಯಿತು. ಅದೇ ಕಥೆಯನ್ನು ಕಾಗದಪತ್ರದ ಎದುರಿಗಿಟ್ಟು ನೋಡಿ. ಈ ನಾಲ್ಕು ಮಾತುಗಳ ನಡುವೆ ಇಪ್ಪತ್ತು ಮೂವತ್ತು ವರ್ಷ ಕೂತಿರುವುದುಂಟು. ಊರು ಬಿಟ್ಟವನು ಅಪ್ಪ, ಮಿಷನ್ ಶಾಲೆ ಸೇರಿದವನು ಮಗ, ಆ ಮಗನ ತಲೆಗೆ ಜ್ಞಾನಸ್ನಾನದ ನೀರು ಬಿದ್ದದ್ದು, ಅಂದರೆ ಅವನು ಕ್ರೈಸ್ತನಾದದ್ದು, ಮದುವೆ ಗೊತ್ತಾದ ಮೇಲೆ. ಮನೆಯವರ ನೆನಪು ಮೂರನ್ನೂ ಒಬ್ಬನೇ ಮುತ್ತಾತನ ಲೆಕ್ಕಕ್ಕೆ ಹಾಕಿಬಿಟ್ಟಿರುತ್ತದೆ. ‘ಮತಾಂತರ ಆದ ದಿನ’ ಅಂತ ಒಂದು ದಿನ ಹುಡುಕಲು ಹೊರಟವರು ಬರಿಗೈಲಿ ಬರುವುದು ಇದಕ್ಕೇ. ಹುಡುಕಬೇಕಾದದ್ದು ಮೂರು ಸಂಗತಿ, ಮೂರೂ ಬೇರೆ ಬೇರೆ ಕಡೆ ಬರೆದಿಟ್ಟದ್ದು. ಊರು ಬಿಟ್ಟದ್ದು ಕಂದಾಯದ ಪುಸ್ತಕದಲ್ಲಿ, ಮಿಷನ್ ಸೇರಿದ್ದು ಶಾಲೆಯ ದಾಖಲಾತಿ ಪುಸ್ತಕದಲ್ಲಿ, ನೀರು ಹಾಕಿಸಿಕೊಂಡದ್ದು ಚರ್ಚಿನ ರಿಜಿಸ್ಟರಿನಲ್ಲಿ.

ಹುಡುಕಾಟ ಈಚಿನಿಂದ ಆಚೆಗೆ ಹೋಗಬೇಕು. ಮನೆಯಲ್ಲಿ ತೀರಾ ಈಚೆಗೆ ತೀರಿಕೊಂಡ ಹಿರಿಯರ ಸಮಾಧಿ, ಅವರ ಮದುವೆ, ಅವರ ಜ್ಞಾನಸ್ನಾನ, ಆಮೇಲೆ ಅವರ ಅಪ್ಪ ಅಮ್ಮನ ಮದುವೆ. ಒಂದೊಂದು ಮೆಟ್ಟಿಲಲ್ಲೂ ಮೇಲಿನ ಮೆಟ್ಟಿಲಿನ ಹೆಸರು ಸಿಗುತ್ತದೆ. ನೇರವಾಗಿ ಮುತ್ತಾತನ ಹೆಸರು ಹಿಡಿದು 1880ರ ಪುಸ್ತಕ ತೆಗೆಸಿದರೆ ಅದೇ ಹೆಸರಿನ ಆರು ಜನ ಎದುರಾಗುತ್ತಾರೆ, ನಿಮಗೆ ಬೇಕಾದವರು ಯಾರು ಎಂದು ಹೇಳುವವರು ಯಾರೂ ಇರುವುದಿಲ್ಲ.

ಮೊದಲು ಹೆಸರಿನ ವಿಚಾರ. ಅರ್ಧ ಕೆಲಸ ಅಲ್ಲೇ ಇದೆ.

ನಮ್ಮ ಕಡೆಯ ಕಥೋಲಿಕ ಹೆಸರುಗಳು ಹೆಚ್ಚಾಗಿ ತಮಿಳಿನ ದಾರಿಯಲ್ಲಿ ಬಂದವು. ರಾಯಪ್ಪ ಅಂದರೆ ಪೇತ್ರ. ಚಿನ್ನಪ್ಪ ಅಂದರೆ ಪೌಲ. ಅರುಳಪ್ಪ ಯೊವಾನ್ನ, ಇನ್ನಾಸಪ್ಪ ಇಗ್ನೇಷಿಯಸ್, ಚೌರಪ್ಪ ಅಥವಾ ಸವರಿಯಪ್ಪ ಕ್ಸೇವಿಯರ್, ಸೂಸೈ ಜೋಸೆಫ್. ಸಂದ್ಯಾಗಪ್ಪನನ್ನು ಕಂಡುಹಿಡಿಯುವುದೇ ಕಷ್ಟ. ಅದು ಪೋರ್ಚುಗೀಸರ ‘ಸ್ಯಾಂಟಿಯಾಗೊ’, ಅಂದರೆ ಯಾಕೋಬ. ರಿಜಿಸ್ಟರಿನಲ್ಲಿ ಲ್ಯಾಟಿನಿನಲ್ಲಿ ‘ಯಾಕೋಬುಸ್’ ಎಂದು ಬರೆದಿರುತ್ತಾರೆ, ನೀವು ‘ಸ’ ಅಕ್ಷರದಲ್ಲಿ ಹುಡುಕುತ್ತಾ ಕೂತಿರುತ್ತೀರಿ. ಹಾಗೆಯೇ ರಾಯಪ್ಪ ‘ಪೆತ್ರುಸ್’ ಎಂದು, ಚಿನ್ನಪ್ಪ ‘ಪೌಲುಸ್’ ಎಂದು ಕೂತಿರುತ್ತಾರೆ. ಇದರಲ್ಲಿ ಇನ್ನೊಂದು ತೊಡಕಿದೆ. ರಾಯಪ್ಪ, ಚಿನ್ನಪ್ಪ ಎರಡೂ ಹಿಂದೂ ಮನೆಗಳಲ್ಲೂ ಧಾರಾಳವಾಗಿ ಇಡುವ ಹೆಸರು. ಪಹಣಿಯಲ್ಲಿ ಚಿನ್ನಪ್ಪ ಅಂತಿದೆ, ಆದ್ದರಿಂದ ಆಗ ಇನ್ನೂ ಮತಾಂತರ ಆಗಿರಲಿಲ್ಲ ಎಂದು ತೀರ್ಮಾನಿಸಿಬಿಟ್ಟರೆ ಮೋಸ ಹೋದಿರಿ. ಆ ಹೆಸರು ಎರಡು ಕಡೆಗೂ ಸಲ್ಲುತ್ತದೆ, ಆ ಕಾಲದಲ್ಲಿ ಅದೇ ಅದರ ಅನುಕೂಲವಾಗಿಯೂ ಇದ್ದಿರಬಹುದು.

ಹೆಸರೇ ಕಾಲ ಹೇಳುವುದೂ ಉಂಟು. ಲೂರ್ದು ಮಾತೆಯ ದರ್ಶನ ಫ್ರಾನ್ಸಿನಲ್ಲಿ ಆಯಿತೆನ್ನುವುದು 1858ರಲ್ಲಿ. ಹಾಗಾಗಿ ಲೂರ್ದಮ್ಮ, ಲೂರ್ದಸ್ವಾಮಿ ಎಂಬ ಹೆಸರಿನವರು ಅದಕ್ಕಿಂತ ಹಿಂದೆ ಆ ಹೆಸರು ಪಡೆದಿರಲು ಸಾಧ್ಯವಿಲ್ಲ. ಮನೆಯ ವಂಶಾವಳಿಯಲ್ಲಿ 1840ರ ಲೂರ್ದಮ್ಮ ಕಂಡರೆ ಒಂದು ತಲೆಮಾರು ಎಲ್ಲೋ ಜಾರಿದೆ ಎಂದೇ ಅರ್ಥ.

ಪ್ರೊಟೆಸ್ಟೆಂಟರ ಕಡೆ ಯೇಸುದಾಸ, ದೇವದಾಸ, ಪ್ರಭುದಾಸ, ಸಮುವೇಲ, ಅಬ್ರಹಾಮ. ಅನಾಥಾಲಯದಲ್ಲಿ ಬೆಳೆದ ಮಕ್ಕಳದು ಬೇರೆ ಪಾಡು. ಮಗುವಿನ ಖರ್ಚಿಗೆ ದುಡ್ಡು ಕಳಿಸಿದ ಪರದೇಶದ ದಾನಿಯ ಹೆಸರನ್ನೇ ಮಗುವಿಗೆ ಇಡುವ ರೂಢಿ ಆ ಕಾಲದ ಮಿಷನ್ನುಗಳಲ್ಲಿತ್ತು. ಮುತ್ತಾತನಿಗೆ ಅಪ್ಪಟ ಇಂಗ್ಲಿಷ್ ಅಡ್ಡಹೆಸರಿದ್ದರೆ ‘ನಮ್ಮಲ್ಲಿ ದೊರೆಗಳ ರಕ್ತ ಇದೆ’ ಎಂದು ಮೀಸೆ ತಿರುವುವ ಮೊದಲು ಇದನ್ನು ನೆನೆಯಿರಿ.

ಮೂರು ಭಾಷೆಯ ಗಂಟು ಇನ್ನೊಂದು. ಮನೆಯಲ್ಲಿ ತೆಲುಗು ಅಥವಾ ತಮಿಳು, ಸಭೆಯಲ್ಲಿ ಕನ್ನಡ, ಕೋಲಾರದ ಚಿನ್ನದ ಗಣಿ ಕಚೇರಿಯಲ್ಲಿ ಇಂಗ್ಲಿಷ್. ಒಬ್ಬನೇ ಮುನಿಸ್ವಾಮಿ ಒಂದು ಕಡೆ ಮುನುಸಾಮಿ, ಇನ್ನೊಂದು ಕಡೆ ಮುನಿಶಾಮಿ. ಊರ ಹೆಸರೂ ಹಾಗೆ, ‘ಹಳ್ಳಿ’ ಒಂದು ಕಾಗದದಲ್ಲಿ ‘ಪಲ್ಲಿ’ ಆಗಿರುತ್ತದೆ. ಹುಡುಕಲು ಹೋಗುವ ಮುನ್ನ ಒಂದು ಹಾಳೆಯಲ್ಲಿ ಹೆಸರಿನ ಎಲ್ಲ ರೂಪಗಳನ್ನೂ ಬರೆದುಕೊಳ್ಳಿ, ಎಂಟು ಹತ್ತು ಆದರೂ ಸರಿಯೇ.

ಇನ್ನು ಯಾವ ಚರ್ಚು ಎಂಬುದು. ಇಲ್ಲಿ ಜನರನ್ನು ದಾರಿ ತಪ್ಪಿಸುವ ಪದ ‘ಮೆಥಡಿಸ್ಟ್’. ತುಮಕೂರು, ಗುಬ್ಬಿ ಕಡೆ ಕೆಲಸ ಮಾಡಿದ್ದು ಇಂಗ್ಲೆಂಡಿನ ವೆಸ್ಲಿಯನ್ ಮೆಥಡಿಸ್ಟರು. ಗುಬ್ಬಿಯಲ್ಲಿ ಅವರು ನೆಲೆಯೂರಿದ್ದು 1830ರ ದಶಕದ ಕೊನೆಯಲ್ಲಿ. ಕೋಲಾರದಲ್ಲಿ ಇದ್ದದ್ದು ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್. ಅಲ್ಲಿ 1876–78ರ ಮಹಾಬರದ ಕಾಲದಲ್ಲಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ನಡೆಸುತ್ತಿದ್ದ ಅನಾಥಾಲಯ 1890ರಲ್ಲಿ ಅಮೆರಿಕನ್ನರ ಕೈಗೆ ಬಂತು. ಕೋಲಾರದವರು ‘ಇ.ಟಿ.ಸಿ.ಎಂ. ಆಸ್ಪತ್ರೆ’ ಎನ್ನುವುದು ಅದೇ ಮಿಷನ್ನಿನ ಕೂಸು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್. 1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ನರು, ಲಂಡನ್ ಮಿಷನ್ನಿನ ಸಭೆಗಳು, ಆಂಗ್ಲಿಕನ್ನರು (ಇಂಗ್ಲೆಂಡಿನ ಚರ್ಚಿನವರು) ಸೇರಿ ಸಿ.ಎಸ್.ಐ., ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಆದರು. ಕೋಲಾರದ ಅಮೆರಿಕನ್ ಮೆಥಡಿಸ್ಟರು ಅದರಲ್ಲಿ ಸೇರಲಿಲ್ಲ, ಇಂದಿಗೂ ಬೇರೆಯೇ ಸಭೆ. ಆದ್ದರಿಂದ ‘ನಮ್ಮವರು ಮೆಥಡಿಸ್ಟರು’ ಎಂದು ಅಜ್ಜಿ ಹೇಳಿದ್ದರೆ, ತುಮಕೂರಿನವರಾದರೆ ಇಂದಿನ ಸಿ.ಎಸ್.ಐ. ಚರ್ಚಿನಲ್ಲಿ ಕೇಳಬೇಕು, ಕೋಲಾರದವರಾದರೆ ಮೆಥಡಿಸ್ಟ್ ಚರ್ಚಿನಲ್ಲೇ. ಪರದೇಶದಲ್ಲಿ ಹುಡುಕುವುದಾದರೂ ಇದೇ ಕವಲು. ವೆಸ್ಲಿಯನ್ನರ ಮತ್ತು ಲಂಡನ್ ಮಿಷನ್ನಿನ ಹಳೆಯ ಕಡತಗಳು ಲಂಡನ್ನಿನ ಸೋಯಾಸ್ ಗ್ರಂಥಾಲಯದಲ್ಲಿವೆ. ಅಮೆರಿಕನ್ ಮೆಥಡಿಸ್ಟರದು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿ. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನ ಸಂಗ್ರಹವನ್ನು ಮೊದಲು ನೋಡಿ, ವಿಮಾನದ ಖರ್ಚು ಉಳಿಯಬಹುದು. ಅಲ್ಲಿ ಸಿಗುವುದು ವಾರ್ಷಿಕ ವರದಿ, ಉಪದೇಶಿಗಳ ಮತ್ತು ಶಾಲಾ ಮೇಷ್ಟರುಗಳ ಪಟ್ಟಿ. ಮುತ್ತಾತ ಮಿಷನ್ನಿನ ಸಂಬಳದ ಕೆಲಸದಲ್ಲಿದ್ದರೆ ಮಾತ್ರ ಹೆಸರು ಸಿಕ್ಕುವ ಆಸೆ ಇಟ್ಟುಕೊಳ್ಳಿ. ಆ ವರದಿಗಳ ಮತಾಂತರದ ಕಥೆಗಳು ದಾನಿಗಳಿಗಾಗಿ ಬರೆದವು. ತಾರೀಕು, ಊರು ತೆಗೆದುಕೊಳ್ಳಿ, ಕಣ್ಣೀರನ್ನು ಅಲ್ಲೇ ಬಿಡಿ.

ಕಥೋಲಿಕರಿಗೆ ಈ ಮೂರೂ ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರಕ್ಕೆ ಸೇರುತ್ತವೆ. ಇಲ್ಲಿ ಆಗಾಗ ಆಗುವ ತಪ್ಪೊಂದಿದೆ. ಈಗ ನಿಮ್ಮೂರಲ್ಲಿರುವ ಚರ್ಚು 1930ರದಾದರೆ ಅದರ ಪುಸ್ತಕ ಅಲ್ಲಿಂದಲೇ ಶುರು. ಅದಕ್ಕೂ ಹಿಂದೆ ಆ ಊರು ಯಾವ ತಾಯಿ ಚರ್ಚಿನ ಕೆಳಗಿತ್ತು, ಸ್ವಾಮಿಗಳು, ಅಂದರೆ ಪಾದ್ರಿಗಳು, ಎಲ್ಲಿಂದ ಬಂದು ಪೂಜೆ ಮಾಡಿ ಹೋಗುತ್ತಿದ್ದರು ಎಂಬುದನ್ನು ಕೇಳಿಕೊಳ್ಳಬೇಕು. ಪುಸ್ತಕ ಅಲ್ಲಿರುತ್ತದೆ. ‘ಹಬ್ಬಕ್ಕೆ ಬಂಡಿ ಕಟ್ಟಿಕೊಂಡು ಯಾವ ಊರಿಗೆ ಹೋಗುತ್ತಿದ್ದಿರಿ?’ ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿದರೆ ತಾಯಿ ಚರ್ಚಿನ ಹೆಸರು ತಾನಾಗಿ ಬರುತ್ತದೆ.

ಚರ್ಚಿಗೆ ಹೋಗುವಾಗ ಬರಿ ‘ನಮ್ಮ ತಾತನ ದಾಖಲೆ ಬೇಕು’ ಎಂದರೆ ಕೆಲಸ ಆಗದು. ಹೆಸರಿನ ರೂಪಗಳು, ಅಪ್ಪ ಅಮ್ಮನ ಹೆಸರು, ಊರು, ಹೆಚ್ಚೆಂದರೆ ಹತ್ತು ವರ್ಷದ ಅಂತರ, ಇಷ್ಟನ್ನು ಬರೆದು ಕೊಡಿ. ಭಾನುವಾರ ಹೋಗಬೇಡಿ, ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ಉಪವಾಸ ಕಾಲದ ಕೊನೆಯಲ್ಲಂತೂ ಬೇಡವೇ ಬೇಡ. ಕಥೋಲಿಕರಲ್ಲಿ ಕೇಳುವುದು ಜ್ಞಾನಸ್ನಾನದ ಪುಸ್ತಕ, ಪ್ರೊಟೆಸ್ಟೆಂಟರಲ್ಲಿ ದೀಕ್ಷಾಸ್ನಾನದ್ದು. ಪದ ತಪ್ಪಿದರೆ ಯಾರೂ ಬೈಯುವುದಿಲ್ಲ, ಆದರೆ ಸರಿ ಪದ ಬಂದರೆ ಕಪಾಟಿನ ಬೀಗ ಬೇಗ ತೆಗೆಯುತ್ತಾರೆ. ಅಚ್ಚಾದ ಸರ್ಟಿಫಿಕೇಟು ಕೊಟ್ಟರೆ ಅಷ್ಟಕ್ಕೇ ತೃಪ್ತರಾಗಬೇಡಿ. ಅದರಲ್ಲಿ ನಾಲ್ಕೈದು ಕಲಮು ಇರುತ್ತದೆ. ಪುಸ್ತಕದ ಅಂಚಿನಲ್ಲಿ ಬರೆದದ್ದು ಅದಕ್ಕೆ ಬರುವುದಿಲ್ಲ, ನಿಮಗೆ ಬೇಕಾದದ್ದು ಅಂಚಿನಲ್ಲೇ ಇರುತ್ತದೆ. ಕಥೋಲಿಕ ಸಭೆಯಲ್ಲಿ 1908ರಿಂದೀಚೆಗೆ ಯಾರದಾದರೂ ಮದುವೆಯಾದರೆ ಆ ಮದುವೆಯ ದಿನ, ಸ್ಥಳವನ್ನು ಅವರ ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲಿ ಬರೆಯಬೇಕೆಂಬ ನಿಯಮ ಇದೆ. ಕೋಲಾರದಲ್ಲಿ ಹುಟ್ಟಿದವಳ ಪಕ್ಕದಲ್ಲಿ ‘ಚಾಂಪಿಯನ್ ರೀಫ್’ ಎಂದು, ಅಂದರೆ ಚಿನ್ನದ ಗಣಿಯ ಊರಿನ ಹೆಸರು, ಬರೆದಿದ್ದರೆ ವಲಸೆಯ ದಾರಿ ಅಲ್ಲೇ ಸಿಕ್ಕಿತು.

ಲ್ಯಾಟಿನ್ ದಾಖಲೆಯನ್ನು ಹತ್ತಿರದಿಂದ ನೋಡೋಣ. ಎಲ್ಲ ಸಾಲುಗಳ ಅಚ್ಚೂ ಒಂದೇ. ದಿನ, ತಿಂಗಳು, ವರ್ಷ; ‘ಎಗೊ ಇನ್‌ಫ್ರಾಸ್ಕ್ರಿಪ್ತುಸ್’ ಅಂದರೆ ಕೆಳಗೆ ಸಹಿ ಮಾಡಿದ ನಾನು; ‘ಬಪ್ತಿಜಾವಿ’ ಅಂದರೆ ಸ್ನಾನ ಕೊಟ್ಟೆ; ಆಮೇಲೆ ‘ಫಿಲಿಯುಮ್’ ಅಥವಾ ‘ಫಿಲಿಯಾಮ್’, ಮಗನನ್ನು ಅಥವಾ ಮಗಳನ್ನು; ಅಪ್ಪ ಅಮ್ಮನ ಹೆಸರು; ಕೊನೆಗೆ ‘ಪತ್ರಿನುಸ್’, ‘ಮತ್ರಿನಾ’, ಅಂದರೆ ಜ್ಞಾನತಂದೆ, ಜ್ಞಾನತಾಯಿ. ಅಪ್ಪನ ಹೆಸರು ಷಷ್ಠಿಯಲ್ಲಿರುತ್ತದೆ. ‘ಪೆತ್ರಿ’ ಎಂದಿದ್ದರೆ ಪೆತ್ರಿ ಎಂಬುದು ಹೆಸರಲ್ಲ, ‘ಪೇತ್ರನ’ ಎಂದರ್ಥ. ‘ಪೌಲಿ’ಯೂ ಹಾಗೆಯೇ. ತಿಂಗಳಿನಲ್ಲಿ ದೊಡ್ಡ ಗುಂಡಿಯಿದೆ. ‘7ಬ್ರಿಸ್’ ಎಂದು ಬರೆದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನಿನಲ್ಲಿ ‘ಸೆಪ್ಟೆಮ್’ ಎಂದರೆ ಏಳು. ಹಾಗೆಯೇ 8ಬ್ರಿಸ್ ಅಕ್ಟೋಬರ್, 9ಬ್ರಿಸ್ ನವೆಂಬರ್. ರೋಮನ್ ಹತ್ತರ ಗುರುತು ಹಾಕಿ ‘ಬ್ರಿಸ್’ ಎಂದಿದ್ದರೆ ಡಿಸೆಂಬರ್. ಅಮೆರಿಕನ್ನರ ಕೈಬರಹದಲ್ಲಿ ಇನ್ನೊಂದು ಎಚ್ಚರ ಬೇಕು. ಅವರು ತಿಂಗಳನ್ನು ಮೊದಲು ಬರೆಯುವವರು, 4/7 ಎಂದರೆ ಏಪ್ರಿಲ್ 7.

ಮತಾಂತರದ ಗುರುತು ಸಿಗುವುದು ಸಣ್ಣ ಪದಗಳಲ್ಲಿ. ‘ಅದುಲ್ತುಸ್’ ಎಂದರೆ ದೊಡ್ಡವನಾದ ಮೇಲೆ ಸ್ನಾನ ಪಡೆದವನು, ಇದೇ ನೀವು ಹುಡುಕುವ ಸಾಲು. ‘ಇನ್ ಅರ್ತಿಕುಲೊ ಮೋರ್ತಿಸ್’ ಎಂದರೆ ಸಾಯುವ ಗಳಿಗೆಯಲ್ಲಿ ಕೊಟ್ಟದ್ದು. ಬರ, ಪ್ಲೇಗಿನ ವರ್ಷಗಳ ಪುಟಗಳಲ್ಲಿ ಇದು ಕಂಡರೆ ಮನೆಯವರು ಹೇಳುವ ‘ತಾತ ಜೀವನವೆಲ್ಲ ಸಭೆಗೆ ದುಡಿದರು’ ಎಂಬ ಮಾತನ್ನು ಇನ್ನೊಮ್ಮೆ ಕೇಳಬೇಕಾಗುತ್ತದೆ. ‘ಸುಬ್ ಕೊಂದಿತಿಯೊನೆ’ ಎಂದರೆ ಷರತ್ತಿನ ಸ್ನಾನ. ಮೊದಲೇ ಬೇರೆ ಸಭೆಯಲ್ಲಿ ದೀಕ್ಷೆ ಪಡೆದಿದ್ದವರು ಕಥೋಲಿಕರಾದಾಗ ಆ ಕಾಲದಲ್ಲಿ ಹೀಗೆ ಕೊಡುತ್ತಿದ್ದರು. ಆ ಎರಡು ಪದ ಕಂಡರೆ ಪ್ರೊಟೆಸ್ಟೆಂಟ್ ಪುಸ್ತಕದಲ್ಲೂ ಹುಡುಕಿ, ಮುತ್ತಾತ ಎರಡು ಸಲ ಹೊಸ್ತಿಲು ದಾಟಿರಬಹುದು.

ಮದುವೆ ಪುಸ್ತಕ ಇನ್ನೂ ರಸವತ್ತು. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ವಾಡಿಕೆ. ಚರ್ಚಿನ ಕಟ್ಟಳೆಯಲ್ಲಿ ಅದು ಅಡ್ಡಿ, ಬಿಷಪ್ಪರ ಅನುಮತಿ ಬೇಕು. ಹಾಗಾಗಿ ‘ಕೊನ್ಸಾಂಗ್ವಿನಿತಾಸ್’ ಎಂಬ ಪದ, ಜೊತೆಗೆ ಎಷ್ಟನೇ ಮೆಟ್ಟಿಲಿನ ನಂಟು ಎಂಬುದು ಬರೆದಿರುತ್ತದೆ. ಹಳೆಯ ಲೆಕ್ಕದಲ್ಲಿ ಎರಡನೇ ಮೆಟ್ಟಿಲು ಎಂದರೆ ಅತ್ತೆ ಮಾವಂದಿರ ಮಕ್ಕಳು. ‘ಎರಡನೆಯದು, ಒಂದನೆಯದನ್ನು ಮುಟ್ಟಿದ್ದು’ ಎಂದರೆ ಸೋದರಮಾವ ಮತ್ತು ಅಕ್ಕನ ಮಗಳು. ಒಂದೇ ಸಾಲಿನಲ್ಲಿ ಎರಡು ಕುಟುಂಬದ ಒಂದು ತಲೆಮಾರು ಹಿಂದಿನ ಜೋಡಣೆ ಸಿಕ್ಕಿಬಿಡುತ್ತದೆ. ‘ದಿಸ್ಪಾರಿತಾಸ್ ಕುಲ್ತುಸ್’ ಎಂದಿದ್ದರೆ ಗಂಡ ಹೆಂಡಿರಲ್ಲಿ ಒಬ್ಬರಿಗೆ ಆಗಿನ್ನೂ ಸ್ನಾನ ಆಗಿರಲಿಲ್ಲ.

ಪುಸ್ತಕ ಕೈಗೆ ಬಂದಾಗ ನಿಮ್ಮವರ ಸಾಲನ್ನು ಮಾತ್ರ ಬರೆದುಕೊಂಡು ಎದ್ದು ಬರುವುದು ದೊಡ್ಡ ತಪ್ಪು. ಅದೇ ದಿನದ ಎಲ್ಲ ಸಾಲುಗಳನ್ನೂ ನೋಡಿ. ಊರ ಹೆಸರನ್ನು ಮೊದಲ ಸಾಲಿನಲ್ಲಿ ಒಂದು ಸಲ ಬರೆದು ಉಳಿದವಕ್ಕೆ ‘ಅದೇ’ ಎಂಬ ಗುರುತು ಹಾಕಿರುತ್ತಾರೆ. ಒಬ್ಬ ಉಪದೇಶಿಯೇ ಇಪ್ಪತ್ತು ಜನಕ್ಕೆ ಜ್ಞಾನತಂದೆಯಾಗಿ ನಿಂತಿದ್ದರೆ ಒಂದು ಕೇರಿಯೇ ಒಟ್ಟಿಗೆ ಬಂದಿದೆ ಎಂದು ತಿಳಿಯಬಹುದು, ಮುತ್ತಾತ ಒಬ್ಬನೇ ತೀರ್ಮಾನ ಮಾಡಿದ್ದಲ್ಲ. ಬೇರೆಯವರ ಸಾಲುಗಳ ಫೋಟೊ ತೆಗೆಯಬೇಡಿ. ಕೈಯಲ್ಲಿ ಬರೆದುಕೊಳ್ಳಿ, ಊರಿಗಷ್ಟೇ ಬಳಸಿ.

ಆಂಗ್ಲಿಕನ್ ಪುಸ್ತಕದಲ್ಲಿ ಹುಟ್ಟಿದ ದಿನದ ಕಲಮಿಗೆ ‘ಹುಟ್ಟಿದ್ದೆಂದು ಹೇಳುವ ದಿನ’ ಎಂದೇ ತಲೆಬರಹ ಇರುತ್ತದೆ. ಅದಕ್ಕಿಂತ ಪ್ರಾಮಾಣಿಕವಾದ ಕಲಮು ಇನ್ನೊಂದಿಲ್ಲ. ವಯಸ್ಸು 25, 30, 40 ಎಂದು ಐದೈದರ ಲೆಕ್ಕದಲ್ಲಿದ್ದರೆ ಆಚೆ ಈಚೆ ಐದು ವರ್ಷ ಬಿಟ್ಟು ನೋಡಿ.

ವಲಸೆಯ ಕಾಲ ಹಿಡಿಯಲು ಸಂವತ್ಸರ ಬೇಕು. ಹಳಬರು ‘ಧಾತು ಈಶ್ವರ ಬರ’ ಎನ್ನುವುದು 1876ರಿಂದ 78ರದು. ಧಾತು 1876-77, ಈಶ್ವರ 1877-78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ರ ಗಣತಿಗೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಮುಂದೆ 1898ರ ಪ್ಲೇಗು ವಿಳಂಬಿಯಲ್ಲಿ, 1918ರ ಇನ್‌ಫ್ಲುಯೆಂಜಾ ಕಾಳಯುಕ್ತಿಯಲ್ಲಿ. ಅಜ್ಜಿ ಸಂವತ್ಸರದ ಹೆಸರು ಹೇಳಿದರೆ ಅದನ್ನು ಇಸವಿಗೆ ತಂದುಕೊಳ್ಳಿ, ಆದರೆ ಅರವತ್ತು ವರ್ಷಕ್ಕೆ ಅದೇ ಹೆಸರು ಮರಳುತ್ತದೆ. 1936-37 ಕೂಡ ಧಾತುವೇ. ಬರದಲ್ಲಿ ಸಿಕ್ಕ ಮಗು ಎಂದು ಅನಾಥಾಲಯದ ದಾಖಲೆಯಲ್ಲಿದ್ದರೆ ಅಪ್ಪ ಅಮ್ಮನ ಹೆಸರಿನ ಜಾಗ ಖಾಲಿ ಇರುವುದೇ ಹೆಚ್ಚು. ಅಲ್ಲಿಗೆ ಆ ಕವಲು ನಿಂತಿತು. ಖಾಲಿ ಜಾಗಕ್ಕೆ ಊಹೆ ತುಂಬಬೇಡಿ.

ಕೆ.ಜಿ.ಎಫ್. ಕಡೆ ಹೋದವರಿಗೆ ರೈಲು ಒಳ್ಳೆಯ ಒರೆಗಲ್ಲು. ಬೆಂಗಳೂರು–ಜೋಲಾರಪೇಟೆ ಹಾದಿ 1864ರದು. ಜಾನ್ ಟೇಲರ್ ಕಂಪನಿ ಗಣಿಗೆ ಕೈ ಹಾಕಿದ್ದು 1880ರಲ್ಲಿ. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಯ ಮಾರಿಕುಪ್ಪಂಗೆ ಕವಲು ಹಾದಿ ಬಂದದ್ದು 1894ರಲ್ಲಿ. ಶಿವನಸಮುದ್ರದ ಕರೆಂಟು ಬಂದದ್ದು 1902ರಲ್ಲಿ. 1885ರಲ್ಲಿ ತಾತ ಮಾರಿಕುಪ್ಪಂನಲ್ಲಿ ರೈಲಿಳಿದ ಎಂದು ಮನೆಯಲ್ಲಿ ಹೇಳುತ್ತಿದ್ದರೆ ಇಸವಿಯಾದರೂ ತಪ್ಪು, ಸ್ಟೇಷನ್ನಾದರೂ ತಪ್ಪು. ಗಣಿಗೆ ಬಂದವರಲ್ಲಿ ಬಹಳಷ್ಟು ಜನ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯವರು. ಇಲ್ಲಿ ಜಿಲ್ಲೆಯ ಗಡಿ ಕೈಕೊಡುತ್ತದೆ. ಚಿತ್ತೂರು ಜಿಲ್ಲೆ ಆದದ್ದೇ 1911ರಲ್ಲಿ, ಅದಕ್ಕೂ ಹಿಂದಿನ ‘ಉತ್ತರ ಆರ್ಕಾಟು’ ಇಂದಿನ ಆಂಧ್ರದ ಊರೂ ಆಗಿರಬಹುದು. ಕೃಷ್ಣಗಿರಿ, ಹೊಸೂರು ಆಗ ಸೇಲಂ. ನಮ್ಮದೇ ಚಿಕ್ಕಬಳ್ಳಾಪುರ 2007ರವರೆಗೆ ಕೋಲಾರ ಜಿಲ್ಲೆ. ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯ ಹಳೆಯ ಕಾಗದಗಳೆಲ್ಲ ಕೋಲಾರದ ತಲೆಬರಹದಲ್ಲೇ ಇರುತ್ತವೆ. ಹೊಸಹಳ್ಳಿ, ಗೊಲ್ಲಹಳ್ಳಿಯಂಥ ಹೆಸರು ಹೋಬಳಿಗೊಂದು ಇರುವುದರಿಂದ ಊರಿನ ಜೊತೆ ಹೋಬಳಿ ಬರೆಯದ ಟಿಪ್ಪಣಿ ಆರು ತಿಂಗಳಿಗೆ ನಿಮಗೇ ಅರ್ಥವಾಗುವುದಿಲ್ಲ.

ಕೆ.ಜಿ.ಎಫ್. ಮನೆಗಳಿಗೆ ಇನ್ನೊಂದು ಮಾತು. ಮತಾಂತರ ಎಂದರೆ ಅಲ್ಲಿ ಕ್ರೈಸ್ತ ಮತಕ್ಕೆ ಮಾತ್ರ ಅಲ್ಲ. ಮದ್ರಾಸಿನಲ್ಲಿ ಅಯೋತ್ತಿದಾಸ ಪಂಡಿತರು 1898ರಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ ಗಣಿ ಊರಿನಲ್ಲೂ ಶಾಖೆ ಇತ್ತು. ತಾತ ಬೌದ್ಧ ಎಂದು ಹಳೆಯ ಕಾಗದದಲ್ಲಿ ಕಂಡರೆ ಅದನ್ನು 1956ರಲ್ಲಿ ನಾಗಪುರದಲ್ಲಿ ಅಂಬೇಡ್ಕರ್ ಬೌದ್ಧರಾದದ್ದಕ್ಕೆ ಗಂಟು ಹಾಕಬೇಡಿ, ಐವತ್ತು ವರ್ಷ ಹಿಂದಿನದೂ ಆಗಿರಬಹುದು.

ಈಗ ಬಿಟ್ಟ ಊರಿಗೆ. ಕ್ರೈಸ್ತರಾದ ಮೇಲೂ ‘ನಮ್ಮ ಹಳೇ ಮನೆದೇವರು ಇಂಥದ್ದು’ ಎಂಬ ನೆನಪು ಹೆಂಗಸರಲ್ಲಿ ಉಳಿದಿರುತ್ತದೆ, ಊರ ಹೆಸರು ಮರೆತವರಿಗೂ ಇದು ನೆನಪಿರುತ್ತದೆ. ಮನೆದೇವರು ಗೊತ್ತಾದರೆ ಆ ಒಕ್ಕಲು ಇರುವ ಊರುಗಳು ಬೆರಳೆಣಿಕೆಗೆ ಬರುತ್ತವೆ. ಕೇಳುವಾಗ ಉತ್ತರವನ್ನು ಪ್ರಶ್ನೆಯಲ್ಲಿ ಇಡಬೇಡಿ. ‘ನಮ್ಮದು ಮುಳಬಾಗಿಲ ಕಡೆ ಅಲ್ವಾ ಅಜ್ಜಿ?’ ಎಂದರೆ ಅಜ್ಜಿ ಹೂಂ ಅಂದುಬಿಡುತ್ತಾರೆ. ‘ನಿಮ್ಮತ್ತೆ ಸತ್ತಾಗ ಮಣ್ಣಿಗೆ ಯಾವ್ಯಾವ ಊರಿಂದ ಬಂದಿದ್ರು?’ ಎಂದು ಕೇಳಿ.

ಕಂದಾಯದಲ್ಲಿ ನೋಡಬೇಕಾದದ್ದು ಇನಾಮು. ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಕೊಟ್ಟಿದ್ದ ಜಮೀನುಗಳನ್ನು 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ, 1963ರ ಫೆಬ್ರವರಿ 1ರಿಂದ ಜಾರಿಗೆ ಬಂದದ್ದು, ಆ ಮನೆತನಗಳಿಗೇ ಮರುಮಂಜೂರು ಮಾಡಿಸಿತು. ಆ ಕಡತಗಳಲ್ಲಿ ವಂಶವೃಕ್ಷ ಇರುವುದುಂಟು. ಊರಲ್ಲೇ ಉಳಿದ ತಮ್ಮನ ಕಡೆಯವರು ಅರ್ಜಿ ಹಾಕಿದ್ದರೆ ಮುತ್ತಾತನ ಹಳೆಯ ಹೆಸರು ಅಲ್ಲಿ ಸಿಗಬಹುದು. ಪೂರ್ತಿ ನಂಬಬೇಡಿ. ಜಮೀನಿಗಾಗಿ ಬರೆಸಿದ ವಂಶವೃಕ್ಷ ಊರು ಬಿಟ್ಟವರನ್ನೂ ಹೆಣ್ಣುಮಕ್ಕಳನ್ನೂ ಮೆಲ್ಲಗೆ ಬಿಟ್ಟುಬಿಡುತ್ತದೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸರ್ವೆ ನಂಬರ್ ಹಿಡಿದು ಕೇಳಬೇಕು, ಹೆಸರು ಹಿಡಿದು ಕೇಳಿದರೆ ಯಾರೂ ಹುಡುಕಲಾರರು. ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಹಕ್ಕು ಬದಲಾವಣೆ ಪುಸ್ತಕ, ಈ ಮೂರಕ್ಕೆ ಅರ್ಜಿ ಕೊಡಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾತ್ರ ಹೆಸರಿನಿಂದ ಹುಡುಕಲು ದಾರಿಯಿದೆ. ಒಂದನೇ ಇಂಡೆಕ್ಸ್ ಜನರ ಹೆಸರಿನದು, ಎರಡನೆಯದು ಆಸ್ತಿಯದು. ಉಯಿಲುಗಳು ಮೂರನೇ ಪುಸ್ತಕದಲ್ಲಿರುತ್ತವೆ. ಕ್ರಯಪತ್ರದಲ್ಲಿ ‘ಇಂಥವನ ಮಗ, ಹಾಲಿ ಕ್ರಿಸ್ತಮತಸ್ಥ’ ಎಂಬಂಥ ವಿವರಣೆ ಕಂಡರೆ ಎರಡು ಹೆಸರೂ ಒಂದೇ ಕಾಗದದಲ್ಲಿ ಕೂಡಿದಂತೆ. ಇಡೀ ಹುಡುಕಾಟದಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಆ ಊರಿಗೆ ಹೋಗುವಾಗ ಸರ್ವೆ ನಂಬರಿನ ಕಾಗದವನ್ನು ಚೀಲದಲ್ಲೇ ಇಟ್ಟುಕೊಳ್ಳಿ. ನೂರು ವರ್ಷದ ಮೇಲೆ ಬಂದ ನೆಂಟ ಪಹಣಿ ಹಿಡಿದು ನಿಂತರೆ ‘ಪಾಲು ಕೇಳಕ್ಕೆ ಬಂದವ್ರೆ’ ಎಂದು ಇಡೀ ಬೀದಿ ಬಾಗಿಲು ಹಾಕಿಕೊಳ್ಳುತ್ತದೆ. ಹಳೆಯ ಫೋಟೊ ತೆಗೆದುಕೊಂಡು ಹೋಗಿ, ಜೊತೆಗೊಬ್ಬ ಹಿರಿಯ ಹೆಂಗಸಿದ್ದರೆ ಇನ್ನೂ ಒಳ್ಳೆಯದು.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಜಾತಿ, ಮತದ ಕಲಮು ಇರುತ್ತದೆ. 1920ರ ದಶಕದಿಂದೀಚೆಗೆ ‘ಆದಿ ಕರ್ನಾಟಕ’, ‘ಆದಿ ದ್ರಾವಿಡ’ ಎಂಬ ಹೆಸರು ಕಾಣತೊಡಗುತ್ತವೆ. ಒಂದೇ ಮನೆಯ ಅಣ್ಣ ‘ಕ್ರಿಶ್ಚಿಯನ್’, ತಮ್ಮ ‘ಎ.ಕೆ.’ ಎಂದಿದ್ದರೆ ಗುಮಾಸ್ತರ ತಪ್ಪು ಎಂದುಕೊಳ್ಳಬೇಡಿ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸವಲತ್ತು ಕ್ರೈಸ್ತರಾದವರಿಗೆ ಸಿಗುವುದಿಲ್ಲ; ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಿಕ್ಕಿತು. ಹೀಗಾಗಿ ಚರ್ಚಿನಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು ಹೆಸರು ಇಟ್ಟುಕೊಂಡ ಮನೆಗಳಿವೆ. ಬದುಕಿರುವವರಿಗೆ ಸಂಬಂಧಪಟ್ಟ ಇಂಥ ವಿವರವನ್ನು ನಿಮ್ಮ ಟಿಪ್ಪಣಿಯಲ್ಲಿ ಇಟ್ಟುಕೊಳ್ಳಿ. ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಬ್ಬರ ಕೆಲಸ, ಒಬ್ಬರ ಪಿಂಚಣಿ ಅದರ ಮೇಲೆ ನಿಂತಿರಬಹುದು.

ಸಮಾಧಿಕಲ್ಲು ಓದಲು ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಐದರ ಮೇಲೆ ಹೋಗಿ. ನೆತ್ತಿಯ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಓರೆ ಬೆಳಕು ಬಿದ್ದರೆ ಅಕ್ಷರದ ಒಂದು ಅಂಚಿಗೆ ನೆರಳು ಕಟ್ಟುತ್ತದೆ. ಮರದ ಕೆಳಗಿದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ಒತ್ತಿದ ಹಾಗೆ ಪಕ್ಕದಿಂದ ಹಿಡಿದು ಇನ್ನೊಬ್ಬರ ಕೈಲಿ ಫೋಟೊ ತೆಗೆಸಿ, ಒಂದು ಎಡದಿಂದ, ಒಂದು ಬಲದಿಂದ, ಒಂದು ಮೇಲಿಂದ. ನೀರು ಚಿಮುಕಿಸಬಹುದು. ಪಾಚಿಯನ್ನು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿ, ತಂತಿ ಬ್ರಷ್ಷು ಬೇಡ, ಆಸಿಡ್ಡು ಬೇಡವೇ ಬೇಡ. ಕೆ.ಜಿ.ಎಫ್.ನ ತಮಿಳು ಕಲ್ಲುಗಳಲ್ಲಿ ‘ತೋಟ್ರಂ’ ಎಂದರೆ ಹುಟ್ಟು, ‘ಮರೈವು’ ಎಂದರೆ ಸಾವು. ಕಲ್ಲು ಹೊಸದಾಗಿ ಹೊಳೆಯುತ್ತಿದ್ದರೆ ಅದನ್ನು ಮೊಮ್ಮಕ್ಕಳು ನಿಲ್ಲಿಸಿದ್ದು. ಸತ್ತ ವರ್ಷ ಸರಿ ಇರಬಹುದು, ಹುಟ್ಟಿದ ವರ್ಷ ಲೆಕ್ಕ ಹಾಕಿ ಕೆತ್ತಿಸಿದ್ದು.

ಎಲ್ಲ ಸೇರಿಸಿ ಬರೆಯುವಾಗ ಒಂದೊಂದು ಸಂಗತಿಯ ಮುಂದೆ ಅದು ಎಲ್ಲಿ ಸಿಕ್ಕಿತು ಎಂದು ಹಾಕಿ: ಯಾವ ಚರ್ಚು, ಯಾವ ಪುಸ್ತಕ, ಎಷ್ಟನೇ ಪುಟ, ಅಥವಾ ‘ದೊಡ್ಡಮ್ಮ ಹೇಳಿದ್ದು’. ಹಳೆಯ ಹೆಸರು ಮತ್ತು ಹೊಸ ಹೆಸರು ಒಬ್ಬನವೇ ಎಂದು ಸೇರಿಸಲು ಹೆಂಡತಿಯ ಹೆಸರು, ಊರು, ಒಂದು ಮಗುವಿನ ಹೆಸರು, ಇವುಗಳಲ್ಲಿ ಎರಡಾದರೂ ಎರಡೂ ಕಡೆ ತಾಳೆಯಾಗಬೇಕು. ಆಗದಿದ್ದರೆ ಇಬ್ಬರನ್ನೂ ಬೇರೆ ಬೇರೆಯಾಗಿಯೇ ಬರೆದು ನಡುವೆ ಚುಕ್ಕೆ ಗೆರೆ ಎಳೆಯಿರಿ.

ಮನೆಯಲ್ಲಿ ಹಳೆಯ ಜ್ಞಾನಸ್ನಾನ ಪತ್ರ, ಗಣಿಯ ಸರ್ವಿಸ್ ಕಾಗದ ಸಿಕ್ಕಿದರೆ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಶಾಯಿ ಹರಡುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೊಟೇಪೂ ಬೇಡ, ಹತ್ತು ವರ್ಷಕ್ಕೆ ಅದು ಕಂದಾಗಿ ಅಕ್ಷರವನ್ನು ಕಿತ್ತುಕೊಂಡು ಬರುತ್ತದೆ. ಎರಡೂ ಮಗ್ಗುಲಿನ ಫೋಟೊ ತೆಗೆದು, ಬಿಳಿ ಹಾಳೆಯ ನಡುವೆ ಇಟ್ಟು, ಗೋಡೆಗೆ ತಾಗದ ಬೀರುವಿನಲ್ಲಿಡಿ. ಹಿಂಬದಿಯನ್ನು ಮರೆಯದೆ ನೋಡಿ. ಹಳೆಯ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟಿರುವುದು ಎಷ್ಟೋ ಸಲ ಅಲ್ಲೇ.